ಮಾವನವರ ಉಡದ ಪಟ್ಟು

ಹೋದ ವಾರ ಹಳೇ ಊರಿನ ಗಲ್ಲಿಯೊಂದರಲ್ಲಿ ರವಿಕೆ ಹೊಲಿಯಲು ಕೊಟ್ಟು ಬರುತ್ತಿದ್ದೆ. ಪಕ್ಕದ ಗರಡಿಯ ಬಾಗಿಲು ತೆರೆದಿತ್ತು. ಒಳಗೆ ಅಖಾಡದ ಕೆಮ್ಮಣ್ಣು ಹದ ಮಾಡುತ್ತಿದ್ದರೆಂದು ಕಾಣುತ್ತದೆ. ಎಣ್ಣೆ, ಮಜ್ಜಿಗೆ, ಅರಿಶಿನ, ಕರ್ಪೂರ ಎಲ್ಲ ಬೆರೆತ ವಾಸನೆ ಗಲ್ಲಿ ತುಂಬ ಹರಡಿತ್ತು. ನಮ್ಮ ಮಾವನವರ ಟವೆಲ್ಲಿಗೂ ಅದೇ ವಾಸನೆ. ಮದುವೆಯಾದ ಹೊಸದರಲ್ಲಿ ಆ ಟವೆಲ್ಲನ್ನು ಎರಡು ಬೆರಳಲ್ಲಿ ಎತ್ತಿ ಒಗೆಯಲು ಹಾಕುತ್ತಿದ್ದೆ. ಈಗ ಗಲ್ಲಿಯ ಮಧ್ಯೆ ನಿಂತು ಉಸಿರು ತುಂಬ ಎಳೆದುಕೊಂಡೆ. ಕೂಡಲೇ ನೆನಪಾದದ್ದು ನಮ್ಮ ಮನೆಯವರ ರಕ್ತವೆಲ್ಲ ಪ್ರಯೋಗಾಲಯಕ್ಕೆ ಹೋದ ಆ ಚಳಿಗಾಲ.

ಮಾವನವರ ಹೆಸರು ಮಾದಪ್ಪ. ಮೈಸೂರಿನ ಮಂಡಿ ಮೊಹಲ್ಲಾದಲ್ಲಿ ಬೆಲ್ಲದ ಸಗಟು ಅಂಗಡಿ, ದಟ್ಟಗಳ್ಳಿಯಲ್ಲಿ ಮನೆ. ಬರೀ ಮಾದಪ್ಪ ಎಂದರೆ ಮೊಹಲ್ಲಾದಲ್ಲಿ ಯಾರಿಗೂ ಗೊತ್ತಾಗುವುದಿಲ್ಲ. ‘ಉಡದ ಪಟ್ಟು ಮಾದಪ್ಪ’ ಎನ್ನಬೇಕು. ವಯಸ್ಸಿನಲ್ಲಿ ಕುಸ್ತಿ ಆಡಿದವರು. ಒಮ್ಮೆ ಹಿಡಿದರೆ ಉಡ ಗೋಡೆ ಕಚ್ಚಿದ ಹಾಗೆ, ಬಿಡಿಸುವುದು ಯಾರಿಂದಲೂ ಆಗದ ಮಾತು. ಒಂದು ದಸರೆಯಲ್ಲಿ ಆ ಕಾಲದ ದೊಡ್ಡ ಪೈಲ್ವಾನರಾಗಿದ್ದ ಖಾದರ್ ಸಾಹೇಬರನ್ನು ಹಾಗೆ ಹಿಡಿದು ಕೆಡವಿದರಂತೆ. ರೆಫರಿ ಸೀಟಿ ಊದಿದರೂ ಬಿಡಲಿಲ್ಲವಂತೆ. ‘ಗೆದ್ದ ಮೇಲೂ ಬಿಡದ ಗಂಡು’ ಎಂದು ಜನ ಎದ್ದು ನಿಂತು ಶಿಳ್ಳೆ ಹೊಡೆದರಂತೆ. ಅಂದು ಸಿಕ್ಕ ಬೆಳ್ಳಿ ಗದೆ ನಮ್ಮ ಹಜಾರದ ಗೋಡೆಯ ಮೇಲಿತ್ತು. ಅದರ ಪಕ್ಕದಲ್ಲಿ ಲಂಗೋಟಿ ತೊಟ್ಟ ಮಾವನವರ ಫೋಟೋ. ಮನೆಗೆ ಬಂದವರು ಮೊದಲು ದೇವರ ಕೋಣೆಗೆ ಕೈ ಮುಗಿಯಬೇಕೋ ಆ ಗೋಡೆಗೋ ಎಂದು ತಬ್ಬಿಬ್ಬಾಗುತ್ತಿದ್ದರು.

ಎಪ್ಪತ್ತರ ಹತ್ತಿರ ಬಂದಿದ್ದರೂ ಅವರ ತೋಳು, ಎದೆ, ತೊಡೆ ಕಡೆದಿಟ್ಟ ಹಾಗಿದ್ದವು. ಕುರ್ಚಿಯಿಂದ ಎದ್ದಾಗ ಮಾತ್ರ ಮೊದಲ ನಾಲ್ಕಾರು ಹೆಜ್ಜೆ ಮರದ ಗೊಂಬೆಯ ನಡಿಗೆ. ಆಮೇಲೆ ಸಲೀಸು. ನಾನು ಒಮ್ಮೆ ಕೇಳಿದ್ದಕ್ಕೆ, “ಪೈಲ್ವಾನನ ಮೈ ಕಣಮ್ಮ ಇದು. ಡೀಸೆಲ್ ಇಂಜಿನ್ ಇದ್ದಂಗೆ. ಕಾಯ್ಬೇಕು” ಅಂದಿದ್ದರು.

ನನ್ನ ಗಂಡ ಕುಮಾರನದೂ ಅಂಥದೇ ಮೈಕಟ್ಟು. ಗರಡಿಯ ಹೊಸ್ತಿಲನ್ನೂ ತುಳಿದವನಲ್ಲ. ಬೆಲ್ಲದ ಪಿಂಡಿಗಿಂತ ಭಾರದ್ದೇನನ್ನೂ ಎತ್ತಿದವನಲ್ಲ. ನನ್ನನ್ನು ನೋಡಲು ಬಂದ ದಿನ ನಮ್ಮಪ್ಪನ ಕೈ ಕುಲುಕಿ ಹಾಗೇ ಹಿಡಿದುಕೊಂಡು ನಿಂತಿದ್ದ. ಅಪ್ಪ ಎಳೆದುಕೊಳ್ಳಲು ನೋಡಿದರೂ ಬಿಡಲಿಲ್ಲ. ಅವರು ಹೋದ ಮೇಲೆ ಅಪ್ಪ ಕಣ್ಣಲ್ಲಿ ನೀರು ತುಂಬಿಕೊಂಡು, “ಇವನು ಕೈ ಬಿಡೋ ಹುಡುಗ ಅಲ್ಲ ಕಣಮ್ಮ” ಅಂದರು. ಆ ಒಂದು ಮಾತಿಗೆ ಒಪ್ಪಿಕೊಂಡೆ.

ಮದುವೆಯಾದ ಮೇಲೆ ಗೊತ್ತಾಯಿತು, ಇವನು ಯಾವುದರ ಕೈಯನ್ನೂ ಬಿಡುವುದಿಲ್ಲ. ಚಳಿಗಾಲದ ಬೆಳಿಗ್ಗೆ ಬಸ್ಸಿನ ಕಂಬಿ ಹಿಡಿದರೆ ಇಳಿಯಬೇಕಾದ ಸ್ಟಾಪು ದಾಟಿ ಮುಂದಿನದರಲ್ಲಿ ಇಳಿಯುತ್ತಿದ್ದ. ನಮ್ಮತ್ತೆ ರಾಜಮ್ಮ ನನಗೆ ಮೊದಲ ವಾರವೇ ಹೇಳಿಕೊಟ್ಟಿದ್ದರು: “ಇವರುಗಳ ಕೈಲಿರೋದನ್ನ ಎಳ್ಕೊಳಕ್ಕೆ ಹೋಗ್ಬೇಡ ಕಣೆ. ಸ್ವಲ್ಪ ತಡಿ, ಅದೇ ಬರುತ್ತೆ.” ಪ್ರತಿ ಮನೆಗೂ ಒಂದೊಂದು ರೀತಿ ಇರುತ್ತದಲ್ಲ, ಇದು ಈ ಮನೆಯ ರೀತಿ ಎಂದುಕೊಂಡು ನಾನೂ ಹೊಂದಿಕೊಂಡೆ.

ಹೊಂದಿಕೊಳ್ಳಲಾರದೆ ಹೋದದ್ದು ನನ್ನ ಮಗಳು ಗೌರಿಯ ವಿಷಯದಲ್ಲಿ. ಆಗ ಅವಳು ಐದನೇ ಕ್ಲಾಸು. ಡಿಸೆಂಬರಿನ ಒಂದು ಬೆಳಿಗ್ಗೆ ಶಾಲೆಯಿಂದ ಫೋನು ಬಂತು. ಪರೀಕ್ಷೆಯ ಸಮಯ ಮುಗಿದು ಟೀಚರು ಉತ್ತರ ಪತ್ರಿಕೆ ಕೇಳಿದರೆ ಹುಡುಗಿ ಕೊಡಲಿಲ್ಲವಂತೆ. ಟೀಚರು ಎಳೆದರಂತೆ. ಅರ್ಧ ಪತ್ರಿಕೆ ಅವರ ಕೈಗೆ ಬಂತು, ಅರ್ಧ ಇವಳ ಮುಷ್ಟಿಯಲ್ಲೇ ಉಳಿಯಿತು. ನಾನು ಕೆಲಸ ಮಾಡುವ ಕಾಲೇಜಿನ ಗ್ರಂಥಾಲಯದಿಂದ ಓಡಿದೆ. ಹೆಡ್‌ಮಿಸ್ಸು, “ತುಂಬಾ ಹಠ ನಿಮ್ಮ ಮಗಳಿಗೆ. ಪಿ.ಟಿ. ಮೇಷ್ಟ್ರೂ ಅದೇ ಹೇಳ್ತಾರೆ. ಓಡು ಅಂದ್ರೆ ಗೂಟ ಹೊಡೆದ ಹಾಗೆ ನಿಲ್ತಾಳಂತೆ” ಅಂದರು.

ಗೌರಿ ಮೂಲೆಯಲ್ಲಿ ಅಳುತ್ತ ನಿಂತಿದ್ದಳು. “ಅಮ್ಮ, ನಾನು ಬಿಟ್ಟೆ. ಕೈ ಬಿಡ್ಲಿಲ್ಲ” ಅಂದಳು.

ಇಷ್ಟು ವರ್ಷ ಆ ಮನೆಯಲ್ಲಿದ್ದು ನನಗೆ ಹೊಳೆಯದೆ ಇದ್ದದ್ದು ಆ ಮಾತಿನಿಂದ ಹೊಳೆಯಿತು: ಇದು ಮನೆಯ ರೀತಿಯಲ್ಲ, ಮೈಯ ತೊಂದರೆ.

ಆಮೇಲೆ ಶುರುವಾಯಿತು ನಮ್ಮ ಓಡಾಟ. ಒಬ್ಬ ಡಾಕ್ಟರು ಕ್ಯಾಲ್ಸಿಯಂ ಕೊಟ್ಟರು. ಇನ್ನೊಬ್ಬರು ಇದು ಮನಸ್ಸಿನ ಕಾಯಿಲೆ ಎಂದರು. ಪಕ್ಕದ ಮನೆಯವರು ದೃಷ್ಟಿ ಎಂದರು. ಅತ್ತೆ ಮೆಣಸಿನಕಾಯಿ ಇಳಿಸಿ ಸುಟ್ಟು ಬೀದಿಯೆಲ್ಲ ಕೆಮ್ಮುವಂತೆ ಮಾಡಿದರು. ಕೊನೆಗೆ ಮಕ್ಕಳ ಡಾಕ್ಟರೊಬ್ಬರು, ಕಾರಣ ತಿಳಿಯದ, ವಂಶದಲ್ಲಿ ಇಳಿದು ಬರುವ ರೋಗಗಳನ್ನು ಅಭ್ಯಾಸ ಮಾಡುವ ಒಂದು ಸಂಶೋಧನಾ ಕೇಂದ್ರಕ್ಕೆ ಕಳಿಸಿದರು. ಅಲ್ಲಿದ್ದವರು ಡಾಕ್ಟರ್ ನಿವೇದಿತಾ. ಚಿಕ್ಕ ವಯಸ್ಸಿನವರು, ಕನ್ನಡಕ ಸದಾ ಮೂಗಿನ ತುದಿಗೆ ಜಾರಿರುತ್ತಿತ್ತು. ಕುಮಾರ ನಮಸ್ಕಾರ ಹೇಳಿ ಕೈ ಕೊಟ್ಟ. ಕೊಟ್ಟವನು ವಾಪಸು ತೆಗೆದುಕೊಳ್ಳಲಿಲ್ಲ. ಡಾಕ್ಟರಮ್ಮ ಆ ಕೈಯನ್ನು ನೋಡಿದರು, ಅವನ ಮುಖ ನೋಡಿದರು.

“ನಿಮ್ಮ ಮನೇಲಿ ಹೀಗೆ ಬಿಡದೆ ಇರೋರು ಎಷ್ಟು ಜನ ಇದಾರೆ?”

ನಾನು ಹೇಳುತ್ತ ಹೋದ ಹಾಗೆ ಅವರ ಮುಖ ಅರಳುತ್ತ ಹೋಯಿತು. ಅಲ್ಲಿಯವರೆಗೆ ನಾನು ಕಂಡ ಡಾಕ್ಟರುಗಳು ರೋಗದ ಮಾತು ಬಂದರೆ ಮುಖ ಸಪ್ಪಗೆ ಮಾಡಿಕೊಳ್ಳುತ್ತಿದ್ದರು. ಈಕೆಗೆ ಹಬ್ಬ. ಸಣ್ಣ ಸುತ್ತಿಗೆಯಿಂದ ಕುಮಾರನ ಅಂಗೈಗೆ ಮೆಲ್ಲಗೆ ತಟ್ಟಿದರು. ಹೆಬ್ಬೆರಳು ಒಳಕ್ಕೆ ಮಡಚಿಕೊಂಡು, ಮಧ್ಯಾಹ್ನದ ನಿದ್ದೆಯಿಂದ ಏಳುವವರ ಹಾಗೆ ನಿಧಾನವಾಗಿ ಬಿಚ್ಚಿಕೊಂಡಿತು. ಆಮೇಲೆ ತೋಳಿಗೆ ಸಣ್ಣ ಸೂಜಿ ಚುಚ್ಚಿ ಯಂತ್ರಕ್ಕೆ ಜೋಡಿಸಿದರು. ಸ್ನಾಯುವಿನ ಸದ್ದು ಸ್ಪೀಕರಿನಲ್ಲಿ ಕೇಳಿಸಿತು: ಏರಿ, ಇಳಿದು, ಮತ್ತೆ ಏರುವ ಗುಡುಗುಡು. ಕುಮಾರ ನೋವು ಮರೆತು ಎದ್ದು ಕೂತ.

“ಮೇಡಂ, ಇದು ನಮ್ಮ ಹಳೇ ಬೈಕಿನ ಸೌಂಡು ಅಲ್ವಾ! ಎಕ್ಸಲೇಟರ್ ಕೊಟ್ಟು ಬಿಟ್ಟಾಗ ಹಿಂಗೇ ಬರೋದು.”

“ಎಲ್ಲ ಕಡೆ ಡಾಕ್ಟರುಗಳೂ ಹಾಗೇ ಹೇಳ್ತಾರೆ” ಎಂದು ಆಕೆ ನಕ್ಕರು. ಕುಮಾರ ಆ ದಿನವೆಲ್ಲ ಅಂಗಡಿಗೆ ಬಂದವರಿಗೆ ತನ್ನ ತೋಳಿನಲ್ಲಿ ಬೈಕಿದೆ ಎಂದು ಹೇಳಿಕೊಂಡು ಓಡಾಡಿದ.

ಗೌರಿಯ ಮತ್ತು ಕುಮಾರನ ರಕ್ತ ಪರೀಕ್ಷೆಗೆ ಹೋಯಿತು. ಕೆಲವು ವಾರಗಳ ಮೇಲೆ ಡಾಕ್ಟರಮ್ಮ ಕರೆದು ಹೇಳಿದರು: ಸ್ನಾಯುವಿಗೆ ಸಂಬಂಧಿಸಿದ ಒಂದು ಜೀನಿನ ಬರಹದಲ್ಲಿ ಒಂದು ಅಕ್ಷರ ಬದಲಾಗಿದೆ, ಆದರೆ ಈ ಬದಲಾವಣೆಯನ್ನು ಹಿಂದೆ ಯಾರೂ ಕಂಡ ಹಾಗಿಲ್ಲ. ಇದೇ ರೋಗದ ಮೂಲವೋ, ಅಥವಾ ಸುಮ್ಮನೆ ಇರುವ ಮಚ್ಚೆಯಂಥದೋ, ಗೊತ್ತಿಲ್ಲ. ಇಂಥದೇ ಲಕ್ಷಣ ಬೇರೆ ಜೀನಿನಿಂದಲೂ ಬರಬಹುದು. ಮೂಲ ಯಾವುದೆಂದು ಖಚಿತವಾದರೆ ಯಾರಿಗೆ ಯಾವ ಔಷಧ ಎಂದು ಧೈರ್ಯವಾಗಿ ಹೇಳಬಹುದು.

“ನಿಮ್ಮ ಮಾವನವರ ರಕ್ತ ಬೇಕು. ಅವರ ಒಡಹುಟ್ಟಿದವರಲ್ಲಿ ಈ ತೊಂದರೆ ಇಲ್ಲದವರು ಯಾರಾದ್ರೂ ಇದ್ರೆ ಅವರದ್ದೂ ಬೇಕು. ಇರೋರಲ್ಲಿ ಬದಲಾವಣೆ ಇದ್ದು, ಇಲ್ಲದೋರಲ್ಲಿ ಇಲ್ಲ ಅಂದ್ರೆ ನಮಗೆ ದಾರಿ ಸಿಕ್ಕಿದ ಹಾಗೆ.”

ಇಲ್ಲದವರು ಇದ್ದರು. ಮಾವನವರ ತಮ್ಮ ನಂಜುಂಡಪ್ಪ ಚಿಕ್ಕಮಾವ. ಕಡ್ಡಿಯ ಹಾಗಿದ್ದರು, ಕೈಗೆ ಕೊಟ್ಟ ಲೋಟವೆಲ್ಲ ಬೀಳಿಸುತ್ತಿದ್ದರು. ಹುಟ್ಟಿದಾಗಿನಿಂದ ‘ಪೈಲ್ವಾನನ ತಮ್ಮ ಇವನಾ?’ ಎನ್ನಿಸಿಕೊಂಡು ಬಂದವರು. ಅವರು ಫೋನಿನಲ್ಲೇ ಒಪ್ಪಿಕೊಂಡರು.

ಒಪ್ಪದವರು ಮಾವ.

“ನಂಗೇನಮ್ಮ ರೋಗ ಬಂದಿರೋದು? ಬೆಳಿಗ್ಗೆ ಎದ್ದು ಬಸ್ಕಿ ಹೊಡಿತೀನಿ. ನಿಮ್ಮ ಡಾಕ್ಟರಮ್ಮ ಹೊಡಿತಾರಾ? ಬುಡು, ಬುಡು.”

ಮೊಮ್ಮಗಳಿಗೋಸ್ಕರ ಎಂದೆ. “ಮಗೀಗೆ ಹಾಲು, ತುಪ್ಪ ಸಾಲ್ದು” ಅಂದರು. ಅತ್ತೆ ಊಟ ಬಡಿಸುವುದಿಲ್ಲ ಎಂದು ಹೆದರಿಸಿದರು. ಮಾವ ಅಂಗಡಿಯ ಪಕ್ಕದ ಹೋಟೆಲಿನಲ್ಲಿ ಇಡ್ಲಿ ತಿಂದು ಬಂದರು. ಕೊನೆಗೆ ನಿವೇದಿತಾ ಅವರೇ ಫೋನು ಮಾಡಿದರು. “ಈ ವಯಸ್ಸಲ್ಲೂ ಇಂಥ ಮೈಕಟ್ಟು ಹೇಗೆ ಉಳಿದಿದೆ ಅಂತ ನಮಗೆ ತಿಳ್ಕೋಬೇಕು ಸಾರ್. ರಕ್ತ ಕೊಟ್ರೆ ಉಪಕಾರ ಆಗುತ್ತೆ” ಅಂದರು. ಅದರಲ್ಲಿ ಸುಳ್ಳು ಒಂದಕ್ಷರವೂ ಇರಲಿಲ್ಲ.

ಮರುದಿನ ಮಾವ ಮೈಸೂರು ಪೇಟ ಸುತ್ತಿ, ಜರಿ ಶಲ್ಯ ಹೊದ್ದು ಸಿದ್ಧವಾದರು. ಡಾಕ್ಟರಮ್ಮ ಈ ಅಧ್ಯಯನ ಏನು, ಯಾಕೆ, ಬೇಡವೆನಿಸಿದರೆ ಹೇಗೆ ಹಿಂದೆ ಸರಿಯಬಹುದು ಎಂಬುದನ್ನೆಲ್ಲ ಸಾವಧಾನವಾಗಿ ವಿವರಿಸಿದರು. ಮಾವ ತಲೆಯಾಡಿಸುತ್ತ ಫೋಟೋ ತೆಗೆಯುವವನು ಎಲ್ಲಿ ಎಂದು ಸುತ್ತ ನೋಡುತ್ತಿದ್ದರು. ಸೂಜಿ ಚುಚ್ಚಿದಾಗ ತೋಳು ಮಡಚಿ, “ರಕ್ತದಲ್ಲೂ ತಾಕತ್ತು ಕಾಣ್ತದೆ ಅಲ್ವಾ?” ಅಂದರು.

ಫಲಿತಾಂಶ ಬಂದ ದಿನ ನಾವೆಲ್ಲ ಒಟ್ಟಿಗೆ ಹೋಗಿ ಕೂತೆವು. ಆ ಬದಲಾವಣೆ ಮಾವನವರಲ್ಲಿ ಇತ್ತು, ಚಿಕ್ಕಮಾವನಲ್ಲಿ ಇರಲಿಲ್ಲ. ಪ್ರಯೋಗಾಲಯದಲ್ಲಿ ಮಾಡಿ ನೋಡಿದ ಇನ್ನೊಂದು ಪರೀಕ್ಷೆಯೂ ಅದನ್ನೇ ಹೇಳಿತ್ತು. ಡಾಕ್ಟರಮ್ಮ ಬಿಡಿಸಿ ಹೇಳಿದರು. ಸ್ನಾಯುವಿನ ಪ್ರತಿ ಜೀವಕೋಶಕ್ಕೂ ಸಣ್ಣ ಸಣ್ಣ ಬಾಗಿಲುಗಳಿರುತ್ತವೆ. ಬಿಗಿಯಾದ ಸ್ನಾಯುವಿಗೆ ‘ಸಾಕು, ಸಡಿಲವಾಗು’ ಎಂದು ಹೇಳುವುದು ಅಂಥ ಒಂದು ಬಾಗಿಲ ಕೆಲಸ. ನಮ್ಮ ಮನೆಯವರಲ್ಲಿ ಆ ಬಾಗಿಲು ಸರಿಯಾಗಿ ತೆರೆಯುವುದಿಲ್ಲ. ಬಿಗಿಯಾದದ್ದು ಬಿಗಿಯಾಗಿಯೇ ಇರುತ್ತದೆ. ನಾಲ್ಕಾರು ಸಲ ಆಡಿಸಿದರೆ ಸಡಿಲವಾಗುತ್ತದೆ.

“ಹೀಗೆ ಸ್ನಾಯು ಬಿಡುವಿಲ್ಲದೆ ಬಿಗಿಯಾಗ್ತಾ ಇರೋದರಿಂದ, ವ್ಯಾಯಾಮ ಮಾಡದೆ ಇದ್ರೂ ದಪ್ಪ ಬೆಳೆಯುತ್ತೆ. ಕುಮಾರ್ ಅವರ ಮೈ ನೋಡಿ.”

ಎಲ್ಲರೂ ಕುಮಾರನನ್ನು ನೋಡಿದೆವು. ಮಾವ ತಮ್ಮ ತೋಳನ್ನು ನೋಡಿಕೊಂಡರು.

“ಅಂದ್ರೆ... ಈ ಮೈ ಮಾಡಿದ್ದು ನಾನಲ್ವಾ?”

ಡಾಕ್ಟರಮ್ಮ ತಡವರಿಸಿದರು. “ನಿಮ್ಮ ವ್ಯಾಯಾಮದ್ದೂ ಪಾಲಿದೆ ಸಾರ್.”

“ಎಷ್ಟು ಪಾಲು?”

ಅದನ್ನು ಅಳೆಯುವ ಪರೀಕ್ಷೆ ಇನ್ನೂ ಬಂದಿಲ್ಲವಂತೆ. ಚಿಕ್ಕಮಾವ ಮಾತ್ರ ಕುರ್ಚಿಯಲ್ಲಿ ನೆಟ್ಟಗೆ ಕೂತು, “ಹಂಗಾದ್ರೆ ನಮ್ಮ ವಂಶದಲ್ಲಿ ಸರಿಯಾಗಿರೋನು ನಾನೊಬ್ನೇ ಅಂತಾಯ್ತು ಅಲ್ವಾ ಮೇಡಂ?” ಎಂದು ಕೇಳಿದರು. ಸಂಜೆ ತಮ್ಮ ಬೀದಿಗೆಲ್ಲ ಮೈಸೂರ್ ಪಾಕ್ ಹಂಚಿದರು.

ರೋಗ ಒಂದೇ ಆದರೂ ಚಿಕಿತ್ಸೆ ಮೂವರಿಗೆ ಮೂರು ಬಗೆ. ಕುಮಾರನಿಗೆ, ಹೃದಯದ ಬಡಿತ ಸರಿಪಡಿಸಲು ಕೊಡುವ ಒಂದು ಮಾತ್ರೆ. ಅದು ಸ್ನಾಯುವಿನ ಆತುರವನ್ನೂ ತಗ್ಗಿಸುತ್ತದಂತೆ. ಮಾವನವರ ಇಸಿಜಿಯಲ್ಲಿ ಏನೋ ನಿಧಾನ ಕಂಡದ್ದರಿಂದ ಅವರಿಗೆ ಅದು ಆಗದು. ಬೇರೆ ಮಾತ್ರೆ, ಅದೂ ಅರ್ಧ. ಗೌರಿಗೆ ಸದ್ಯಕ್ಕೆ ಮಾತ್ರೆಯೇ ಬೇಡ. ಚಳಿಯಿಂದ ಕಾಪಾಡಬೇಕು, ಏನು ಮಾಡುವುದಕ್ಕೂ ಮೊದಲು ಮೈ ಬಿಸಿ ಮಾಡಿಕೊಳ್ಳುವುದನ್ನು ರೂಢಿಸಬೇಕು. ಮುಂದೆ ಯಾರಿಗಾದರೂ ಆಪರೇಷನ್ ಆಗುವುದಿದ್ದರೆ ಅರಿವಳಿಕೆ ಕೊಡುವ ಡಾಕ್ಟರಿಗೆ ಮೊದಲೇ ಹೇಳಬೇಕು. ಕೆಲವು ಔಷಧಗಳು ಇವರಿಗೆ ಅಪಾಯ. ಇದನ್ನು ಡಾಕ್ಟರಮ್ಮ ನಮ್ಮೆಲ್ಲರ ಬಾಯಲ್ಲಿ ಒಬ್ಬೊಬ್ಬರಾಗಿ ಹೇಳಿಸಿದರು. ಅತ್ತೆಗೆ ಮೂರು ಚಿಕಿತ್ಸೆಯ ವಿಷಯ ಆಶ್ಚರ್ಯವೆನಿಸಲಿಲ್ಲ. “ಉಪ್ಪಿಟ್ಟೇ ಈ ಮೂವರಿಗೆ ಮೂರು ಥರ ಮಾಡ್ತೀನಿ. ಒಬ್ಬರಿಗೆ ಈರುಳ್ಳಿ ಬೇಡ, ಒಬ್ಬರಿಗೆ ಮೆಣಸಿನಕಾಯಿ ಬೇಡ. ಇನ್ನು ಔಷಧಿ ಒಂದೇ ಥರ ಆಗುತ್ತಾ?” ಅಂದರು.

ಕುಮಾರನ ಮಾತ್ರೆ ಊರಿನ ಅಂಗಡಿಗಳಲ್ಲಿ ಸಿಗದೆ, ಡಾಕ್ಟರಮ್ಮ ಎಲ್ಲೆಲ್ಲೋ ವಿಚಾರಿಸಿ ತರಿಸಿಕೊಟ್ಟರು. ಮೊದಮೊದಲು ಹೊಟ್ಟೆ ಉರಿ ಎಂದು ಗೊಣಗಿದ. ಆಮೇಲೆ ಒಂದು ಬೆಳಿಗ್ಗೆ ತನ್ನ ಸ್ಟಾಪಿನಲ್ಲೇ ಇಳಿದೆನೆಂದು ಬಸ್‌ಸ್ಟಾಪಿನಿಂದ ಫೋನು ಮಾಡಿದ. ಅದೇ ವಾರ ರಸ್ತೆ ದಾಟುವಾಗ ನನ್ನ ಕೈ ಹಿಡಿದು ದಾಟಿಸಿ, ಆ ಕಡೆ ತಲುಪಿದೊಡನೆ ತಟ್ಟನೆ ಬಿಟ್ಟುಬಿಟ್ಟ. ಯಾಕೋ ಒಂದು ಗಳಿಗೆ ಬೇಜಾರಾಯಿತು.

ಮಾವ ಮಾತ್ರ ಮಾತ್ರೆ ಮುಟ್ಟಲಿಲ್ಲ. ಬಸ್ಕಿ ನಿಲ್ಲಿಸಿದರು. ಗರಡಿಯ ಕಡೆ ಹೋಗುವುದು ಬಿಟ್ಟರು. ಗೋಡೆಯ ಮೇಲಿನ ಫೋಟೋ ತೆಗೆದು ಬೀರುವಿನ ಹಿಂದೆ ಇಟ್ಟರು. ಅತ್ತೆ ಎಂದಿನ ಹಾಗೆ ಬಾದಾಮಿ ನೆನೆಹಾಕಿದರೆ, “ರೋಗಕ್ಕೆ ಯಾಕೆ ಬಾದಾಮಿ? ಎತ್ತಿಡು” ಅಂದರು. ಮೊದಲು ನಮಗೆ ನಗು ಬಂದಿತ್ತು. ಹದಿನೈದು ದಿನ ಕಳೆಯುವಷ್ಟರಲ್ಲಿ ಆ ದೊಡ್ಡ ಮೈ ಸೋಫಾದ ಮೂಲೆಯಲ್ಲಿ ಮುದುರಿ ಕೂತದ್ದನ್ನು ನೋಡಿ ಯಾರಿಗೂ ನಗು ಬರುತ್ತಿರಲಿಲ್ಲ. ಒಂದು ಸಂಜೆ ಅತ್ತೆ ಅಡುಗೆಮನೆಯಲ್ಲಿ ನನ್ನ ಹತ್ತಿರ, “ಗೊತ್ತಾಗದೆ ಇದ್ದಿದ್ರೇ ಚೆನ್ನಾಗಿರ್ತಿತ್ತೇನೋ ಕಣೆ” ಅಂದರು.  ಆದರೆ ಗೊತ್ತಾಗದಿದ್ದರೆ ಗೌರಿ ಎಲ್ಲರ ಕಣ್ಣಿಗೆ ಹಠಮಾರಿಯಾಗಿಯೇ ಉಳಿಯುತ್ತಿದ್ದಳು.

ಒಂದು ಭಾನುವಾರ ಬೆಳಿಗ್ಗೆ ಮಾವ ಎದ್ದು ಗದೆಯನ್ನು ಗೋಡೆಯಿಂದ ಇಳಿಸಿದರು. “ಸ್ಕೂಟರ್ ತೆಗಿಯಮ್ಮ. ಖಾದರ್ ಮನೆಗೆ ಹೋಗ್ಬೇಕು.”

“ಗದೆ ಯಾಕೆ ಮಾವ?”

“ವಾಪಸ್ ಕೊಡಕ್ಕೆ.”

ಅವರ ಮುಖ ನೋಡಿ ಸ್ಕೂಟರ್ ತೆಗೆದೆ. ದಟ್ಟಗಳ್ಳಿಯಿಂದ ಮಂಡಿ ಮೊಹಲ್ಲಾದವರೆಗೆ ಹೆಲ್ಮೆಟ್ಟು ಹಾಕಿದ ಸೊಸೆ ಮುಂದೆ, ಗದೆ ಹೆಗಲಿಗೇರಿಸಿದ ಮಾವ ಹಿಂದೆ. ಸಿಗ್ನಲ್ಲಿನಲ್ಲಿ ಮಕ್ಕಳು ‘ಭೀಮ, ಭೀಮ’ ಎಂದು ಕೂಗಿದರು. ಟ್ರಾಫಿಕ್ ಪೊಲೀಸರೊಬ್ಬರು ಹತ್ತಿರ ಬಂದು, “ಅಮ್ಮಾ, ಭೀಮನಿಗೂ ಹೆಲ್ಮೆಟ್ ಹಾಕ್ಬೇಕು” ಎಂದರು. ನಂತರ ಮಾವನವರ ಕಣ್ಣು ನೋಡಿ ಸುಮ್ಮನೆ ಕೈ ಬೀಸಿ ಕಳಿಸಿದರು.

ಖಾದರ್ ಸಾಹೇಬರದು ಹಾಸಿಗೆ ಹೊಲಿಯುವ ಅಂಗಡಿ. ಹತ್ತಿಯ ರಾಶಿಯ ಮಧ್ಯೆ ಕೂತು ಟೀ ಕುಡಿಯುತ್ತಿದ್ದರು. ಮಾವ ಸ್ಕೂಟರಿನಿಂದ ಇಳಿದು ಮರದ ಗೊಂಬೆಯ ಹಾಗೆ ನಡೆದು ಹೋಗಿ ಗದೆ ಮುಂದೆ ಚಾಚಿದರು.

“ಖಾದರ್, ಇದು ನಿಂದು. ತಗೋ.”

ಸಾಹೇಬರು ಏನೂ ಅರ್ಥವಾಗದೆ ಹಿಡಿದುಕೊಂಡರು. ಎಳೆದರು. ಬರಲಿಲ್ಲ. ಎರಡು ಕೈ ಹಾಕಿ ಎಳೆದರು. ದಾರಿಯುದ್ದಕ್ಕೂ ಬೆಳಗಿನ ಚಳಿಗಾಳಿಯಲ್ಲಿ ಹಿಡಿದುಕೊಂಡು ಬಂದ ಮುಷ್ಟಿ ಅದು.

“ಅರೆ, ಕೊಡಕ್ಕೆ ಬಂದೋನು ಬಿಡ್ತಾನೇ ಇಲ್ವಲ್ಲಯ್ಯ!”

“ತಡಿ ಮಾರಾಯ, ಬಿಡ್ತದೆ. ಅದನ್ನೇ ಹೇಳಕ್ಕೆ ಬಂದಿದ್ದು.”

ಇಬ್ಬರೂ ಗದೆಯ ಎರಡು ತುದಿ ಹಿಡಿದು ನಿಂತಿದ್ದಂತೆಯೇ ಮಾವ ಎಲ್ಲವನ್ನೂ ಹೇಳಿದರು. ಬಾಗಿಲು, ಜೀನು, ತಮ್ಮನ ಮೈಸೂರ್ ಪಾಕು. “ಅವತ್ತು ನಿನ್ನ ಹಿಡ್ದಿದ್ದು ನಾನಲ್ಲ ಕಣೋ. ರೋಗ. ಸೀಟಿ ಊದ್ದಾಗ ನಾನು ಬಿಟ್ಟೆ. ಕೈ ಬಿಡ್ಲಿಲ್ಲ.” ಶಾಲೆಯ ಮೂಲೆಯಲ್ಲಿ ನಿಂತು ಮಗಳು ಆಡಿದ ಮಾತೇ ಅವರ ಬಾಯಲ್ಲೂ ಬಂತು.

ಖಾದರ್ ಸಾಹೇಬರು ಕರಗುತ್ತಾರೆಂದುಕೊಂಡಿದ್ದೆ. ಅವರಿಗೆ ಕೆಂಡದಂಥ ಕೋಪ ಬಂತು.

“ಇದನ್ನ ಯಾರ್‍ಯಾರಿಗೆ ಹೇಳಿದೀಯಾ? ಇಷ್ಟು ವರ್ಷ ಉಡದ ಪಟ್ಟಿಗೆ ಸೋತೋನು ಅಂತ ತಲೆ ಎತ್ಕೊಂಡು ಓಡಾಡಿದೀನಿ. ಮೊಮ್ಮಕ್ಕಳು ದಿನಾ ಆ ಕಥೆ ಕೇಳ್ತವೆ. ಈಗ ಹೋಗಿ, ಕಾಯಿಲೆಯವನಿಗೆ ಸೋತೆ ಅಂತ ಹೇಳ್ಲಾ? ನಿನ್ನ ಮಾನ ಹಾಳು ಮಾಡ್ಕೋ, ನನ್ನ ಮಾನ ಯಾಕೋ ಕಳೀತೀಯ?”

“ನಿಜ ಅದೇ ಅಲ್ವೇನೋ...”

“ಏನ್ ನಿಜ? ನಾನು ಬಲಗಡೆ ತೋರಿಸಿ ಎಡಕ್ಕೆ ನುಗ್ಗಿದೆ. ಆ ಮೋಸ ಮೈಸೂರಲ್ಲಿ ಒಬ್ಬನಿಗೂ ಗೊತ್ತಾಗ್ತಿರ್ಲಿಲ್ಲ. ನಿನ್ನ ಕೈ ಎಡಗಡೆ ಕಾಯ್ತಾ ಇತ್ತು. ಬಿಡದೆ ಇದ್ದಿದ್ದು ರೋಗಾನೇ ಇರ್ಲಿ ಮಾದಪ್ಪ. ಹಿಡಿದಿದ್ದು ಯಾರು?”

ಮಾವ ತಮ್ಮ ಕೈ ನೋಡಿಕೊಂಡರು. ಅಷ್ಟು ಹೊತ್ತಿಗೆ ಅವರ ಮುಷ್ಟಿ ಬಿಚ್ಚಿಕೊಂಡಿತ್ತು. ಸಾಹೇಬರು ಗದೆಯನ್ನು ಅವರ ಎದೆಗೆ ಒತ್ತಿ, ನನ್ನ ಕಡೆ ತಿರುಗಿ, “ಕರ್ಕೊಂಡು ಹೋಗಮ್ಮ ಇವನ್ನ. ಇನ್ನೊಂದ್ಸಲ ಇದನ್ನ ತಂದ್ರೆ ನಿಜವಾಗ್ಲೂ ಕುಸ್ತಿ ಬೀಳ್ತೀನಿ” ಅಂದರು. ನಂತರ ಟೀ ತರಿಸಿದರು. ಎರಡನೆಯ ಲೋಟ ಮುಗಿಯುವ ಹೊತ್ತಿಗೆ ಇಬ್ಬರೂ ಹತ್ತಿಯ ಮೇಲೆ ಮೊಣಕಾಲೂರಿ ಆ ದಿನದ ಪಟ್ಟುಗಳನ್ನು ಒಂದೊಂದಾಗಿ ಜಗಳವಾಡುತ್ತ ತೋರಿಸುತ್ತಿದ್ದರು.

ಮರುದಿನ ಬೆಳಿಗ್ಗೆ ಮಾವ ಬಾದಾಮಿ ಕೇಳಿದರು. ತಿಂಡಿಯಾದ ಮೇಲೆ ಅರ್ಧ ಮಾತ್ರೆಯನ್ನೂ ನುಂಗಿದರು. ಆಮೇಲೆ ಗೌರಿಯನ್ನು ಕರೆದರು.

“ನಿಂಗೆ ಮೈ ಬಿಸಿ ಮಾಡ್ಕೊಳದು ಔಷಧಿ ಅಂತ ತಾನೆ ಡಾಕ್ಟರಮ್ಮ ಹೇಳಿದ್ದು? ಅದನ್ನ ಈ ಊರಲ್ಲಿ ನನಗಿಂತ ಚೆನ್ನಾಗಿ ಯಾರ್ ಬಲ್ರು? ಬಾ ಮೇಲಕ್ಕೆ.”

ಅಂದಿನಿಂದ ದಿನಾ ತಾರಸಿಯ ಮೇಲೆ ಅಜ್ಜ ಮೊಮ್ಮಗಳ ಗರಡಿ. ಮೊದಲು ಬೆರಳು, ಆಮೇಲೆ ಮಣಿಕಟ್ಟು, ಭುಜ, ಕೊನೆಗೆ ಬಸ್ಕಿ. ಮಾವ ಹೇಳಿಕೊಟ್ಟದ್ದನ್ನು ನಿವೇದಿತಾ ನೋಡಿ, ಸುಸ್ತಾಗುವಷ್ಟು ಬೇಡ ಎಂದು ಒಂದೆರಡು ತಿದ್ದುಪಡಿ ಮಾಡಿದರು. ಮಾವ ಆ ತಿದ್ದುಪಡಿಗಳಿಗೆ ಮೂಗು ಮುರಿದು, ಒಪ್ಪಿಕೊಂಡರು. ನಾನು ಶಾಲೆಗೆ ಹೋಗಿ ಹೆಡ್‌ಮಿಸ್ಸಿಗೂ ಪಿ.ಟಿ. ಮೇಷ್ಟ್ರಿಗೂ ಎಲ್ಲ ವಿವರಿಸಿ ಬಂದೆ. ಪತ್ರಿಕೆ ಹರಿದ ಟೀಚರು ಗೌರಿಯನ್ನು ಕರೆದು, “ಇನ್ಮೇಲೆ ನಿಂದು ಕೊನೇಲಿ ತಗೋತೀನಿ ಪುಟ್ಟಾ” ಅಂದರಂತೆ.

ಚಳಿ ಕಡಿಮೆಯಾಗುತ್ತ ಬಂದ ಒಂದು ಬೆಳಿಗ್ಗೆ ಶಾಲೆಯ ಕ್ರೀಡಾಕೂಟ. ಗೌರಿ ಓಟಕ್ಕೆ ಹೆಸರು ಕೊಟ್ಟಿದ್ದಳು. ಮಾವ ಪಂಚೆ ಎತ್ತಿ ಕಟ್ಟಿ ಮೈದಾನದ ಅಂಚಿನಲ್ಲಿ ಮೊಮ್ಮಗಳ ಜೊತೆ ಬಸ್ಕಿ ಹೊಡೆಯಲು ನಿಂತರು. ನನಗೂ ಕುಮಾರನಿಗೂ ತಲೆ ಎತ್ತಲಾಗದಷ್ಟು ನಾಚಿಕೆ. ಆದರೆ ಸ್ವಲ್ಪ ಹೊತ್ತಿಗೆ ಇನ್ನೊಂದು ಮಗು ಬಂದು ಸೇರಿತು, ಆಮೇಲೆ ಮತ್ತಿಬ್ಬರು. ಮೇಷ್ಟ್ರು ಕರೆಯುವಷ್ಟರಲ್ಲಿ ಓಟಕ್ಕೆ ನಿಲ್ಲಬೇಕಾದ ಮಕ್ಕಳೆಲ್ಲ ಮಾವನವರ ಮುಂದೆ ಸಾಲಾಗಿ ಬಸ್ಕಿ ಹೊಡೆಯುತ್ತಿದ್ದವು.

ಸೀಟಿ ಊದಿದರು. ಮಕ್ಕಳೆಲ್ಲ ಹೊರಟರು. ಗೌರಿಯ ಮೊದಲ ಹೆಜ್ಜೆ ಸ್ವಲ್ಪ ತಡವಾಯಿತು. ನಾನು ಕಣ್ಣು ಮುಚ್ಚಿಕೊಂಡೆ. ಅತ್ತೆ ನನ್ನ ತೋಳು ಜಿಗುಟಿ, “ಬಿಡು ಕಣ್ಣ, ನೋಡೇ!” ಅಂದರು. ಓಡುತ್ತಿದ್ದಳು. ಎರಡು ಜಡೆ ಹಿಂದಕ್ಕೆ ಹಾರುತ್ತಿದ್ದವು. ಎಲ್ಲರಿಗಿಂತ ಹಿಂದೆ ಇದ್ದವಳು ಒಬ್ಬಳನ್ನು ದಾಟಿದಳು, ಮತ್ತೊಬ್ಬಳನ್ನು ದಾಟಿದಳು. ಬಹುಮಾನದ ಹತ್ತಿರವೆಲ್ಲ ಬರಲಿಲ್ಲ. ಗೆರೆ ದಾಟಿ, ನಿಲ್ಲದೆ ನೇರ ನಮ್ಮ ಕಡೆಗೇ ಓಡಿಬಂದು ಅಜ್ಜನ ಹೊಟ್ಟೆಗೆ ಡಿಕ್ಕಿ ಹೊಡೆದಳು.

“ತಾತ, ಇವತ್ತು ಕಾಲಿಗೂ ಸೀಟಿ ಕೇಳಿಸ್ತು!”

ಮಾವ ಅವಳ ನೆತ್ತಿಯ ಮೇಲೆ ಕೈಯಿಟ್ಟರು. ಆಮೇಲೆ ನನ್ನ ಕಡೆ ತಿರುಗಿದರು.

“ಡಾಕ್ಟರಮ್ಮಂಗೆ ಒಂದು ಫೋನ್ ಮಾಡಮ್ಮ.”

“ಏನಂತ ಹೇಳ್ಲಿ ಮಾವ?”

“ಓಡಿದ್ಲು ಅಂತ.”

“ಎಷ್ಟನೆಯವ್ಳಾಗಿ ಬಂದ್ಲು ಅಂತ ಕೇಳಿದ್ರೆ?”

“ಅವ್ರು ಅದನ್ನ ಕೇಳಲ್ಲ, ಬುಡು” ಅಂದರು ಮಾವ.